ಮತ್ತೆ ಅದೇ ಮಾತು

ಪಿಎಚ್‌ಪಿಯ ಜಿಜೆಡ್‌ಕಂಪ್ರೆಸ್ ಮಾಡೋದು ಸರಳ: ಒಮ್ಮೆ ಬಂದ ಅಕ್ಷರಸಾಲು ಮತ್ತೆ ಬಂದರೆ ಬರೆಯಲ್ಲ, 'ಇಷ್ಟು ಹಿಂದೆ ಇದೆ, ನೋಡ್ಕೋ' ಅಂತ ಗುರುತು ಹಾಕುತ್ತೆ. ಅದೂ 32 ಕೆಬಿ ಹಿಂದಿನವರೆಗೆ ಮಾತ್ರ. ಬಿಚ್ಚಿದರೆ ಒಂದು ಬೈಟೂ ಕಳೆದಿರಲ್ಲ. (ತೀರಾ ಚಿಕ್ಕದು ಕುಗ್ಗಲ್ಲ, ಹಿಗ್ಗುತ್ತೆ. 'ಅಮ್ಮ' ಯುಟಿಎಫ್-8ರಲ್ಲಿ 12 ಬೈಟ್; ಕುಗ್ಗಿಸಲು ಹೋದರೆ ಇನ್ನೂ ಜಾಸ್ತಿ.)

ಹಾಗಾದರೆ ಮತ್ತೆ ಆಡಿದ ಮಾತಲ್ಲಿ ಹೊಸದೇನೂ ಇಲ್ಲವೇ? ಶಿಡ್ಲಘಟ್ಟದ ಹತ್ತಿರದ ನಮ್ಮೂರಿಂದ ಅಮ್ಮ ದಿನಾ ಫೋನಲ್ಲಿ ಕೇಳೋದು ಅದೇ, 'ಊಟ ಆಯ್ತಾ?' ಫೈಲಿಗೆ ಸೋಮವಾರದ್ದೂ ಮಂಗಳವಾರದ್ದೂ ಒಂದೇ. ನನಗಲ್ಲ. ಮಂಗಳವಾರದ್ದು, ಅವಳು ಮಂಗಳವಾರವೂ ಚೆನ್ನಾಗಿದ್ದಾಳೆ ಅನ್ನುತ್ತೆ. 'ನಿನ್ನೆನೇ ಕೇಳಿದ್ಯಲ್ಲಮ್ಮ' ಅಂದರೆ ಆ ಸುದ್ದಿಯನ್ನೇ ಅಳಿಸಿದಂತೆ. ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡೋ ದಿನ ಅವಳಿಗೆ ಪುರುಸೊತ್ತಿರಲ್ಲ, ಕೇಳಲ್ಲ. ಆವತ್ತು ನಾನೇ ಫೋನ್ ಮಾಡ್ತೀನಿ.