ಒಂಟಿ ಸೈಕಲ್, ಒಂದು ರಾತ್ರಿ, ಎರಡು ಭಯ

ಇಂದಿನ ಧಮ್ಮ ಚಿಂತನೆ.

ಒಬ್ಬನೇ ಇರುವವನಿಗೆ ಧಮ್ಮ ಬೇಕೇ? ಬೇಡ, ಇಬ್ಬರು ಕೂಡಿ ಬಾಳುವಲ್ಲಿ ಅದು ಬೇಕೇ ಬೇಕು ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಹೇಳಿದ್ದಾರೆ.

ಇತ್ತೀಚೆಗೆ ಒಬ್ಬನೇ ಸೈಕಲ್ ತುಳಿದು ಸನ್ನತಿಯ ಸ್ತೂಪ ನೋಡಿ, ರಾತ್ರಿ ಹೊಲವೊಂದರ ಬದುವಿನಲ್ಲಿ ಟೆಂಟ್ ಹಾಕಿ ಮಲಗಿದ್ದೆ. ಕತ್ತಲಲ್ಲಿ ಎಲೆ ಅಲುಗಿದರೂ ಎದೆ ಝಲ್ಲೆನ್ನುತ್ತದೆ. ಬೋಧಿಗೆ ಮುನ್ನ ಕಾಡಿನಲ್ಲಿ ಭಗವಾನರಿಗೂ ಹೀಗಾಗಿತ್ತು ಎನ್ನುತ್ತದೆ ಭಯಭೇರವ ಸುತ್ತ. ಅವರು ಓಡಲಿಲ್ಲ. ಕುಳಿತಿದ್ದರೆ ಕುಳಿತೇ, ನಡೆಯುತ್ತಿದ್ದರೆ ನಡೆಯುತ್ತಲೇ ಆ ಭಯವನ್ನು ಗೆದ್ದರು. ಈ ಭಯಕ್ಕೆ ಆ ಮದ್ದು ಸಾಕು.

ಆದರೆ ನಮ್ಮ ಜನರ ಜೊತೆ ಇನ್ನೊಂದು ಭಯವೂ ಪಯಣಿಸುತ್ತದೆ: ನೀರು ಕೇಳಿದಲ್ಲಿ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ. 1901ರಲ್ಲಿ ತಂದೆಯನ್ನು ನೋಡಲು ಗೋರೆಗಾಂವಿಗೆ ಎತ್ತಿನಗಾಡಿಯಲ್ಲಿ ಹೊರಟ ಬಾಲಕ ಭೀಮರಾವ್, ಬುತ್ತಿ ಇದ್ದೂ ನೀರು ಸಿಗದೆ ಹಸಿದೇ ಮಲಗಿದರು. ಈ ಭಯ ಕತ್ತಲು ಹುಟ್ಟಿಸಿದ್ದಲ್ಲ, ಮನುಷ್ಯರು ಹುಟ್ಟಿಸಿದ್ದು. ಕಣ್ಣು ಮುಚ್ಚಿ ಕುಳಿತರೆ ಹೋಗದು. ಎದುರಿಗಿರುವವರೂ ಬದಲಾಗಬೇಕು.

ಆ ಸಂಜೆ ಹೊಲದ ಅಜ್ಜಿಯೊಬ್ಬರು ಹೆಸರನ್ನೂ ಕೇಳದೆ ನನ್ನ ಬಾಟಲಿ ತುಂಬಿಸಿ ಕೊಟ್ಟರು. ಅಲ್ಲಿಗೆ ಒಂಟಿ ಪಯಣಿಗ ಒಂಟಿಯಾಗಿ ಉಳಿಯಲಿಲ್ಲ; ಇಬ್ಬರಾದೆವು, ನಡುವೆ ಧಮ್ಮವಿತ್ತು. ದಾರಿಹೋಕರಿಗೆ ಬಾವಿ ತೋಡಿಸಿದ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದ್ದೂ ಆ ನೆಲದಲ್ಲೇ.

ಇನ್ನು ನಮ್ಮ ಸರದಿ. ಬಾಗಿಲಿಗೆ ಬಂದವರನ್ನು ನಾವೂ ಎಡವೋ ಬಲವೋ ಎಂದು ಅಳೆಯುತ್ತಿದ್ದೇವೆಯೇ? ದೀಕ್ಷೆ ಪಡೆದ ಮನೆಯಲ್ಲಿ ಮೊದಲು ನೀರಿನ ತಂಬಿಗೆ ಬರಲಿ, ಪ್ರಶ್ನೆ ಬಾರದಿರಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.