ಕೇಳಿದ ಸಲಹೆಯ ಋಣ

ಸಲಹೆ ಕೇಳಿದವನು ಅದರಂತೆ ನಡೆಯಲೇಬೇಕೆ? ಬೇಕಿಲ್ಲ ಎಂಬುದು ಲೋಕದ ರೂಢಿ. ವೈದ್ಯರನ್ನು ಕೇಳಿ ಬಂದು ಪಥ್ಯ ಮುರಿಯುವವರು, ಜೋಯಿಸರಲ್ಲಿ ಮುಹೂರ್ತ ಕೇಳಿಯೂ ತಮಗೆ ರಜೆ ಸಿಕ್ಕಿದ ದಿನವೇ ಮನೆಯೊಕ್ಕಲು ಮಾಡುವವರು ನಮ್ಮಲ್ಲಿ ಧಾರಾಳ ಇದ್ದಾರೆ. ಕೆಡುವುದಿದ್ದರೆ ಅವರದೇ ಕೆಡುತ್ತದೆ, ನೆರೆಕರೆಯವರು ಮಾತಾಡುವಂತಿಲ್ಲ. ಆದರೆ ಕೇಳಿದ್ದು ಸರಕಾರವಾಗಿ, ಕೇಳಿದ ವಿಷಯ ಬೆಟ್ಟ, ಕಾಡು, ಹೊಳೆಗಳಾಗಿ, ಕೆಡುವುದು ಬೇರೆ ಯಾರದೋ ಆಗಿದ್ದರೆ? ಆಗಲೂ “ಕೇಳಿದೆವು, ಬಿಟ್ಟೆವು” ಎಂದರೆ ಸಾಕೆ? ಈ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ನಾನು ಪರಿಸರ ವಿಜ್ಞಾನ ಓದಿದವನಲ್ಲ, ಬಿ.ಎ. ಮಾಡಿ ಬ್ಯಾಂಕಿನ ಗುಮಾಸ್ತನಾದವನು. ಆದರೆ ಪ್ರಶ್ನೆ ವಿಜ್ಞಾನದ್ದಲ್ಲ, ಧರ್ಮದ್ದು ಎಂದು ತೋರಿದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಪ್ರಕೃತಿ ರಕ್ಷಣೆಗೆಂದು ಸರಕಾರ ಸಲಹಾ ಮಂಡಳಿಗಳನ್ನು ನೇಮಿಸುವ ಕ್ರಮ ಇಂದು ನಿನ್ನೆಯದಲ್ಲ. ಸ್ವತಂತ್ರ ಭಾರತದ ವನ್ಯಜೀವಿ ಮಂಡಳಿ ಹುಟ್ಟಿದ್ದು 1952ರಲ್ಲಿ. ಅದರ ಮೊದಲ ಸಭೆ ಸೇರಿದ್ದು ಮೈಸೂರಿನಲ್ಲಿ. ಅಧ್ಯಕ್ಷರಾಗಿದ್ದವರು ಜಯಚಾಮರಾಜ ಒಡೆಯರು. ಆ ಮಂಡಳಿಗೆ ಒಂದು ಮರ ಕಡಿಯುವುದನ್ನು ತಡೆಯುವ ಅಧಿಕಾರವೂ ಇರಲಿಲ್ಲ. ಹೇಳಬಹುದಿತ್ತು, ಅಷ್ಟೆ. ಆದರೂ ಅಂಥ ಮಾತುಗಳ ಬಲದಿಂದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1973ರ ಹುಲಿ ಯೋಜನೆ ಬಂದವು. ಮೌನಕಣಿವೆಯ ಕತೆಯೂ ಹಾಗೆಯೇ. ಕುಂತಿಪ್ಪುಳ ಹೊಳೆಗೆ ಅಣೆಕಟ್ಟು ಕಟ್ಟಬೇಕೆಂದು ಕೇರಳ ಸರಕಾರ ಹಟ ಹಿಡಿದಾಗ ಎಂ.ಜಿ.ಕೆ. ಮೆನನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ವರದಿ ಬಂದ ಮೇಲೆ ಯೋಜನೆಯನ್ನು ಕೈಬಿಟ್ಟರು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕೇಳುವ ಕಿವಿ ಇದ್ದರೆ ಅಧಿಕಾರವಿಲ್ಲದ ಮಾತಿಗೂ ಎಷ್ಟು ಬಲ ಬರುತ್ತದೆ ಎಂಬುದಕ್ಕೆ ಇವೆರಡು ಉದಾಹರಣೆ ಸಾಕು.

ಮೆನನ್ ಸಮಿತಿಯಲ್ಲಿದ್ದ ಮಾಧವ ಗಾಡ್ಗೀಳರೇ ಮುಂದೆ 2010ರ ಮಾರ್ಚಿನಲ್ಲಿ ನೇಮಕಗೊಂಡ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿಗೆ ಅಧ್ಯಕ್ಷರಾದರು. ಸಮಿತಿ ಊರೂರು ಸುತ್ತಿ, ಜನರನ್ನು ಕೇಳಿ, 2011ರ ಆಗಸ್ಟ್ 31ರಂದು ವರದಿ ಒಪ್ಪಿಸಿತು. ಇಡೀ ಘಟ್ಟವನ್ನು ಸೂಕ್ಷ್ಮ ಪ್ರದೇಶವೆಂದು ಭಾವಿಸಿ, ತಾಲೂಕುಗಳನ್ನು ಮೂರು ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನು ಆಗಬಹುದು, ಏನು ಆಗಕೂಡದು ಎಂದು ಅದು ಸೂಚಿಸಿತ್ತು. ಇದೇ ಕೊನೆಯ ಮಾತಲ್ಲ, ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಿ ತೀರ್ಮಾನಿಸಬೇಕು ಎಂಬುದು ಗಾಡ್ಗೀಳರು ಮತ್ತೆ ಮತ್ತೆ ಹೇಳಿದ ಮಾತು. ಕೇಂದ್ರದ ಪರಿಸರ ಇಲಾಖೆ ಮಾಡಿದ್ದೇನು? ವರದಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿತು. ಕೇರಳದವರೊಬ್ಬರು ಮಾಹಿತಿ ಹಕ್ಕಿನ ಅಡಿ ಪ್ರತಿ ಕೇಳಿದರೆ ಇಲ್ಲವೆಂದಿತು. ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲಿನಲ್ಲಿ ಕೊಡಿ ಎಂದಿತು. ಇಲಾಖೆ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲಿಯೂ ಸೋತ ಮೇಲೆ ಮೇ ತಿಂಗಳಲ್ಲಿ ವರದಿ ಹೊರಬಂತು. ತಾನೇ ಕೇಳಿ ಪಡೆದ ಸಲಹೆಯನ್ನು ಬಚ್ಚಿಡುವುದಕ್ಕೆ ಸರಕಾರ ಕೋರ್ಟಿನ ಮೆಟ್ಟಲು ಹತ್ತಿದ್ದು ವಿಚಿತ್ರವಲ್ಲವೆ?

ನಮ್ಮ ಕುಂಬಳೆ ಸೀಮೆಯಲ್ಲಿ ಹುಟ್ಟಿದವನಿಗೆ ಇಂಥಲ್ಲಿ ತಾಳಮದ್ದಳೆ ನೆನಪಾಗದಿರದು. ಕೃಷ್ಣಸಂಧಾನದಲ್ಲಿ ವಿದುರನ ಪಾತ್ರ ದೊಡ್ಡದಲ್ಲ. ಆದರೆ ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಅಂದಿನ ರಾತ್ರಿ ಅವನದೇ. ಧೃತರಾಷ್ಟ್ರ ವಿದುರನನ್ನು ಮತ್ತೆ ಮತ್ತೆ ಕರೆಸಿ ಕೇಳುತ್ತಾನೆ. ನಿದ್ದೆ ಬಾರದ ರಾತ್ರಿ ಕೇಳುತ್ತಾನೆ, ಬೆಳಗಾದ ಮೇಲೆ ಮಗ ಹೇಳಿದಂತೆ ಮಾಡುತ್ತಾನೆ. ಕೇಳುವುದೇ ಅವನಿಗೆ ಒಂದು ಸಮಾಧಾನ. ಕೇಳಿದ್ದರಿಂದಲೇ ಧರ್ಮ ಮಾಡಿದಂತಾಯಿತು ಎಂಬ ಭ್ರಮೆ. ಕೊನೆಗೆ ತುಂಬಿದ ಸಭೆಯಲ್ಲಿ ದುರ್ಯೋಧನನಿಂದ ಹೀನಾಯ ಮಾತು ಕೇಳಿದಾಗ ವಿದುರ ತನ್ನ ಬಿಲ್ಲನ್ನು ಮುರಿದುಬಿಡುತ್ತಾನೆ. ವಿಭೀಷಣನದು ಬೇರೆ ದಾರಿ. ಅವನು ಲಂಕೆಯನ್ನೇ ಬಿಟ್ಟು ಹೋಗುತ್ತಾನೆ. ಇವರಿಬ್ಬರ ಹಿರಿಮೆಯ ಬಗ್ಗೆ ಬೇಕಷ್ಟು ಅರ್ಥಗಾರಿಕೆ ನಡೆದಿದೆ. ನನ್ನನ್ನು ಹೆಚ್ಚು ಕಾಡುವವನು ಮಾರೀಚ. ರಾವಣ ಬಂದು ಕೇಳಿದಾಗ ಅವನು ಹೇಳಿದ್ದು ಸರಿಯಾದ ಬುದ್ಧಿಯನ್ನೇ. ರಾವಣ ಕೊಲ್ಲುತ್ತೇನೆಂದು ಹೆದರಿಸಿದ. ಮಾರೀಚ ಬಂಗಾರದ ಜಿಂಕೆಯಾದ. ಬಲ್ಲವನೇ, ಬಲ್ಲ ವಿದ್ಯೆಯಿಂದಲೇ, ಬೇಡವೆಂದು ತಾನೇ ಹೇಳಿದ ಕೆಲಸಕ್ಕೆ ನಿಂತ. ಸರಕಾರದ ಸಮಿತಿಗಳಲ್ಲಿ ವಿದುರರು ಎಷ್ಟು, ಮಾರೀಚರು ಎಷ್ಟು ಎಂದು ಎಣಿಸುವ ಕೆಲಸ ನನ್ನದಲ್ಲ. ಆದರೆ ಎಂಡೋಸಲ್ಫಾನಿನ ನಾಡಿನಲ್ಲಿ ಬದುಕುವವರಿಗೆ ಈ ಪ್ರಶ್ನೆ ಬಾರದೆ ಇರುತ್ತದೆಯೆ?

ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು 1970ರ ದಶಕದಿಂದ 2000ದವರೆಗೆ. ಪಡ್ರೆಯಂಥ ಊರುಗಳಲ್ಲಿ ಆದ ಅನಾಹುತವನ್ನು ಈ ವಾರ್ಷಿಕದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಸಮಿತಿಗಳೋ, ಒಂದರ ಹಿಂದೆ ಒಂದು ಬಂದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2002ರಲ್ಲಿ ಮಕ್ಕಳ ಕಾಯಿಲೆಗೂ ಈ ವಿಷಕ್ಕೂ ಸಂಬಂಧವಿದೆ ಎಂಬರ್ಥದ ವರದಿ ಕೊಟ್ಟಿತು. ಮರುವರ್ಷ ಕೃಷಿ ಇಲಾಖೆಯ ಪರವಾಗಿ ನೋಡಿದ ಸಮಿತಿ ಸಂಬಂಧವಿಲ್ಲ ಎಂದಿತು. ಇಬ್ಬರೂ ತಜ್ಞರೇ. ವಿಷ ದೇಶದಲ್ಲೆಲ್ಲ ನಿಂತದ್ದು 2011ರ ಮೇಯಲ್ಲಿ, ಸುಪ್ರೀಂ ಕೋರ್ಟಿನ ಆದೇಶದಿಂದ. ತಜ್ಞರು ಒಪ್ಪದೆ ಇರುವುದು ತಪ್ಪಲ್ಲ, ಶಾಸ್ತ್ರವೇ ಹಾಗೆ. ಆದರೆ ಅವರು ಒಪ್ಪದ ವರ್ಷಗಳಲ್ಲಿ ನಷ್ಟ ಯಾರ ಲೆಕ್ಕಕ್ಕೆ ಬರೆಯಲ್ಪಡಬೇಕು? ಸಂಶಯದ ಲಾಭ ಮಗುವಿಗೋ, ಗೇರುಬೀಜಕ್ಕೋ? ಇದನ್ನು ನಿರ್ಣಯಿಸಲು ತಜ್ಞರು ಬೇಕಾಗಿರಲಿಲ್ಲ.

ಪಶ್ಚಿಮಘಟ್ಟದ ವಿಷಯದಲ್ಲೂ ಸಮಿತಿಯ ಮೇಲೆ ಸಮಿತಿ ಬಂತು. 2012ರಲ್ಲಿ ಕಸ್ತೂರಿರಂಗನ್ ಅವರ ತಂಡ ನೇಮಕವಾಗಿ, 2013ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು. ಇಡೀ ಘಟ್ಟದ ಬದಲು ಶೇಕಡಾ 37ರಷ್ಟನ್ನು, ಸುಮಾರು 60,000 ಚದರ ಕಿಲೋಮೀಟರನ್ನು, ಕಾಪಾಡಿದರೆ ಸಾಕು ಎಂದಿತು. ಅದೂ ಹೆಚ್ಚಾಯಿತೆಂದು ಕೇರಳ ಸರಕಾರ ರಾಜ್ಯ ಜೀವವೈವಿಧ್ಯ ಮಂಡಳಿಯ ಅಧ್ಯಕ್ಷರಾಗಿದ್ದ ಉಮ್ಮನ್ ವಿ. ಉಮ್ಮನ್ ಅವರ ಸಮಿತಿ ನೇಮಿಸಿತು. ಕೇರಳದ ಪಾಲು 13,108 ಚದರ ಕಿಲೋಮೀಟರಿನಿಂದ 9,993ಕ್ಕೆ ಇಳಿಯಿತು. ಕೇಂದ್ರ ಸರಕಾರ 2014ರಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಾ ಬಂತು. ಆರನೆಯ ಕರಡಿನ ತಾರೀಕು 2024ರ ಜುಲೈ 31. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದದ್ದು ಅದರ ಹಿಂದಿನ ದಿನ. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಗಡಿ, ಭಾಷೆ ಯಾವುದರಲ್ಲೂ ಒಮ್ಮತಕ್ಕೆ ಬಾರದ ಎರಡು ಸರಕಾರಗಳು ಇದೊಂದರಲ್ಲಿ ಹೆಚ್ಚು ಕಡಿಮೆ ಒಂದೇ ದಾರಿ ಹಿಡಿದದ್ದನ್ನು ಗಡಿನಾಡಿಗರಾದ ನಾವಾದರೂ ಗಮನಿಸಬೇಕು.

ಗಾಡ್ಗೀಳ್ ವರದಿಯಂತೆ ನಡೆದಿದ್ದರೆ ಗುಡ್ಡ ಜರಿಯುತ್ತಿರಲಿಲ್ಲ ಎಂದು ಹೇಳುವಷ್ಟು ಪಂಡಿತ ನಾನಲ್ಲ. ಅಂದು ಸುರಿದ ಮಳೆ ಯಾವ ವರದಿಯನ್ನೂ ಓದಿ ಬಂದದ್ದಲ್ಲ. ನನ್ನ ತಕರಾರು ಬೇರೆ. ಬ್ಯಾಂಕಿನಲ್ಲಿ ಒಂದು ಸಾಲದ ಅರ್ಜಿ ಬಂದರೆ ವಕೀಲರ ಅಭಿಪ್ರಾಯ, ಜಾಗದ ಮೌಲ್ಯದ ವರದಿ ತರಿಸುತ್ತೇವೆ. ಮೆನೇಜರರು ಅದನ್ನು ಒಪ್ಪಲೇಬೇಕೆಂದಿಲ್ಲ. ಆದರೆ ಒಪ್ಪದಿದ್ದರೆ ಏಕೆಂದು ಕಡತದಲ್ಲಿ ಬರೆದು ಸಹಿ ಹಾಕಬೇಕು. ನಾಳೆ ಆಡಿಟಿನವರು ಬಂದಾಗ ಆ ಹಾಳೆ ಮಾತಾಡುತ್ತದೆ. ವಕೀಲರ ಅಭಿಪ್ರಾಯವನ್ನು ಕಡತದಿಂದ ಕಿತ್ತು ತೆಗೆದರೆ ಅದು ಅಪರಾಧ. ತಮಗೆ ಬೇಕಾದಂತೆ ಬರೆದುಕೊಡುವ ವಕೀಲರು ಸಿಗುವವರೆಗೆ ಒಬ್ಬರಾದ ಮೇಲೊಬ್ಬರನ್ನು ಕೇಳಿದರೆ ಅದಕ್ಕೂ ಸಮಜಾಯಿಷಿ ಕೊಡಬೇಕು. ಇದು ನಾಲ್ಕೆಂಟು ಲಕ್ಷದ ಸಾಲಕ್ಕೆ ಇರುವ ನೇಮ. ಸಲಹೆ ಕೇಳಿದವನ ಮೇಲೆ ಬೀಳುವ ಋಣ ಇದೇ ಎಂದು ನಾನು ತಿಳಿದಿದ್ದೇನೆ. ಒಪ್ಪುವ ಋಣವಲ್ಲ, ಬಯಲಿಗಿಟ್ಟು ಉತ್ತರ ಹೇಳುವ ಋಣ. ಸರಕಾರ ಜನರ ಹಣದಿಂದ, ಜನರ ಹೆಸರಿನಲ್ಲಿ ಕೇಳಿದ್ದರಿಂದ ಸಲಹೆ ಜನರ ಸೊತ್ತು. ಅದನ್ನು ಬಚ್ಚಿಡುವ ಹಕ್ಕು ಮಂತ್ರಿಗೂ ಇಲ್ಲ.

ಹಾಗೆಂದು ಘಟ್ಟದ ಕೃಷಿಕರನ್ನು ಬೈಯುವ ಪೇಟೆಯವರ ಗುಂಪಿಗೆ ನಾನು ಸೇರಲಾರೆ. 2013ರ ನವೆಂಬರಿನಲ್ಲಿ ಮಲೆಯೋರದಲ್ಲಿ ಹರತಾಳಗಳು ನಡೆದು, ತಾಮರಶ್ಶೇರಿಯ ಅರಣ್ಯ ಕಚೇರಿಗೆ ಬೆಂಕಿ ಬಿದ್ದಿತಷ್ಟೆ. ಆಗ ನಾನಿದ್ದದ್ದು ಘಟ್ಟದ ಬುಡದ ಒಂದು ಶಾಖೆಯಲ್ಲಿ. ರಬ್ಬರು, ಕರಿಮೆಣಸು ಇಟ್ಟುಕೊಂಡ ಹಿರಿಯರೊಬ್ಬರು ಕೌಂಟರಿಗೆ ಬಂದು, “ಸಾರ್, ಇನ್ನು ನಮ್ಮ ಪಟ್ಟೆಗೆ ಬೆಲೆಯುಂಟಾ? ಬ್ಯಾಂಕಿನವರು ಸಾಲ ಕೊಡುವುದಿಲ್ಲವಂತೆ, ದನ ಸಾಕಬಾರದಂತೆ, ಮನೆಗೆ ಪೈಂಟು ಕೂಡ ಹೊಡೆಯಬಾರದಂತೆ” ಎಂದು ಕೇಳಿದರು. ಅವರ ಕಿಸೆಯಲ್ಲಿ ಯಾರೋ ಹಂಚಿದ ಮಲೆಯಾಳದ ಕರಪತ್ರವಿತ್ತು. ಕರಪತ್ರ ಅವರ ಭಾಷೆಯಲ್ಲಿ ಅವರ ಮನೆಬಾಗಿಲಿಗೆ ಬಂದಿತ್ತು. ಸರಕಾರದ ಕಾಗದ ಇಂಗ್ಲಿಷಿನಲ್ಲಿ ದೆಹಲಿಯಲ್ಲಿ ಕೂತಿತ್ತು. ಅವರು ಯಾವುದನ್ನು ನಂಬಬೇಕಿತ್ತು? ಎರಡು ತಲೆಮಾರು ಜ್ವರ, ಕಾಡುಹಂದಿಗಳೊಡನೆ ಹೋರಾಡಿ ಮಾಡಿದ ಜಾಗವದು. ಅವರ ಹೆದರಿಕೆ ಸುಳ್ಳಿನ ಮೇಲೆ ನಿಂತಿದ್ದರೂ ಹೆದರಿಕೆ ಮಾತ್ರ ಸತ್ಯವಾಗಿತ್ತು.

ಇಲ್ಲಿಯೇ ನಮ್ಮಂಥ ಭಾಷಾ ಅಲ್ಪಸಂಖ್ಯಾತರು ಒಂದು ಮಾತು ಹೇಳಬಹುದು. ಸಾಲಗಾರನಿಗೆ ಓದು ಬಾರದಿದ್ದರೆ, ಅಥವಾ ಕಾಗದದ ಭಾಷೆ ಅರಿಯದಿದ್ದರೆ, ಅದರಲ್ಲಿರುವುದನ್ನು ಅವನ ಭಾಷೆಯಲ್ಲಿ ಓದಿ ಹೇಳಿದ್ದೇವೆ ಎಂದು ಬರೆಸಿಕೊಂಡೇ ನಾವು ಹೆಬ್ಬೆಟ್ಟು ಒತ್ತಿಸುತ್ತೇವೆ. ಘಟ್ಟದ ಕರಡು ಅಧಿಸೂಚನೆಗಳು ಬರುವುದು ಗೆಜೆಟ್ಟಿನಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆಕ್ಷೇಪಕ್ಕೆ ಅರುವತ್ತು ದಿನ. 2020ರಲ್ಲಿ ಬೇರೊಂದು ಪರಿಸರ ಕರಡನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟು ಹೇಳಿದಾಗ ಕೇಂದ್ರ ಸರಕಾರ ಅನುವಾದಕರನ್ನು ಹುಡುಕುವ ಬದಲು ಸುಪ್ರೀಂ ಕೋರ್ಟಿಗೆ ಹೋಯಿತು. ಒಬ್ಬನ ಸಾಲಕ್ಕೆ ಬೇಕಾದ ಮರ್ಯಾದೆ ಒಂದು ಬೆಟ್ಟಸಾಲಿನ ಜನರಿಗೆ ಬೇಡವಾಯಿತೆ?

ದೆಹಲಿಯ ಮಾತು ಬಿಡೋಣ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕೇರಳದ ಪಂಚಾಯತುಗಳಲ್ಲೆಲ್ಲ ಇದೆ. ಊರಿನ ಗಿಡಮರ, ಪ್ರಾಣಿಪಕ್ಷಿ, ಮದ್ದಿನ ತಿಳಿವಳಿಕೆ ಇವನ್ನೆಲ್ಲ ಬರೆದಿಡುವ ಜನತಾ ದಾಖಲೆ ತಯಾರಿಸುವುದು ಅದರ ಮುಖ್ಯ ಕೆಲಸ. ಅಂದರೆ ಇಲ್ಲಿ ಸಲಹೆಗಾರರು ನಾವೇ. 2023ರಲ್ಲಿ ನಮ್ಮ ಜಿಲ್ಲಾ ಪಂಚಾಯತು ದೇಶದಲ್ಲೇ ಮೊದಲಾಗಿ ಜಿಲ್ಲೆಗೆಂದು ಒಂದು ಮರ, ಹೂ, ಹಕ್ಕಿ, ಜೀವಿಯನ್ನು ಘೋಷಿಸಿತು. ಮರ ಕಾಸರಕ, ಹೂ ಪೆರಿಯದ ಹೊಳೆಯ ನೀರುತಾವರೆಯಂಥ ಬಿಳಿ ಲಿಲ್ಲಿ, ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು, ಜೀವಿ ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆ. ಕಾಸರಕ ಮಲೆಯಾಳದಲ್ಲಿ ಕಾಞಿರ. ಊರಿನ ಹೆಸರು ಬಂದದ್ದೇ ಆ ಮರದಿಂದ ಎನ್ನುವವರಿದ್ದಾರೆ. ಎರಡು ಭಾಷೆಯವರೂ ಜಗಳಾಡದೆ ಒಪ್ಪುವ ಒಂದು ಮರವಾದರೂ ಸಿಕ್ಕಿತಲ್ಲ ಎಂದು ನಾನು ಖುಷಿಪಟ್ಟೆ.

ಘೋಷಣೆ ಚೆನ್ನ. ದಾಖಲೆಯ ಗತಿ ಹೇಗೆ? ಗುಡ್ಡೆಯ ಒಂದೊಂದು ಬಳ್ಳಿಗೂ ತುಳುವಿನಲ್ಲಿ ಒಂದು, ಹವ್ಯಕ ಮನೆಯಲ್ಲಿ ಒಂದು, ಮರಾಟಿ ಮನೆಯಲ್ಲಿ ಒಂದು, ಕೊರಗರಲ್ಲಿ ಮತ್ತೊಂದು ಹೆಸರುಂಟು. ಹೆಸರಿನ ಜೊತೆ ಉಪಯೋಗವೂ ಬೇರೆ. ಯಾವ ಸುರಂಗದ ನೀರು ಯಾವ ತಿಂಗಳಿಗೆ ಸೊರಗುತ್ತದೆ, ಯಾವ ಪಾರೆಯ ಪಳ್ಳಕ್ಕೆ ಯಾವ ಹಕ್ಕಿ ಬರುತ್ತದೆ ಎಂಬುದನ್ನು ಬಲ್ಲ ಅಜ್ಜಿಯಂದಿರು ಹೇಳುವುದು ಕನ್ನಡದಲ್ಲೋ ತುಳುವಿನಲ್ಲೋ. ಬರೆದುಕೊಳ್ಳಲು ಬರುವವರಿಗೆ ಮಲೆಯಾಳ ಮಾತ್ರ ಗೊತ್ತಿದ್ದರೆ ಅಜ್ಜಿ ಹೇಳಿದ್ದರಲ್ಲಿ ಅರ್ಧ ಅಂಗಳದಲ್ಲೇ ಉಳಿಯುತ್ತದೆ. ಬರೆದ ಅರ್ಧವನ್ನು ಓದಿ ಸರಿಯೋ ತಪ್ಪೋ ಹೇಳಲು ಅವರಿಗಾಗುವುದಿಲ್ಲ. ಇದರಲ್ಲಿ ಮಲೆಯಾಳದವರ ದ್ವೇಷವನ್ನು ಹುಡುಕಬೇಕಾಗಿಲ್ಲ. ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ರಾಜ್ಯದ ಆಡಳಿತಭಾಷೆಯ ಕಾಯಿದೆಯೇ ನಮಗೆ ಕೊಟ್ಟಿದೆ. ಕೇಳದೆ ಬಿಟ್ಟವರಲ್ಲಿ ನಮ್ಮವರೇ ಹೆಚ್ಚು. ಕನ್ನಡ ಫಲಕಕ್ಕಾಗಿ ಧರಣಿ ಕೂರುವ ನಾವು ಈ ದಾಖಲೆಯ ಕನ್ನಡ ಪ್ರತಿಗಾಗಿ ಒಂದು ಅರ್ಜಿಯನ್ನೂ ಬರೆಯುವುದಿಲ್ಲ.

ಓದುಗರಲ್ಲಿ ಪಂಚಾಯತು ಸದಸ್ಯರು, ಅಧ್ಯಾಪಕರು ಅನೇಕರಿದ್ದೀರಿ. ನಿಮ್ಮ ಪಂಚಾಯತಿನ ಈ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೆಗೆ ಸೇರಿದ್ದು ಯಾವಾಗ, ದಾಖಲೆಯ ಪ್ರತಿ ಎಲ್ಲಿದೆ ಎಂದು ಒಮ್ಮೆ ವಿಚಾರಿಸಿ. ಸಿಕ್ಕಿದರೆ ಅದನ್ನು ಮನೆಯ ಹಿರಿಯರ ಮುಂದೆ ಕೂತು ಅವರ ಭಾಷೆಯಲ್ಲಿ ಓದಿ ಹೇಳಿ, ಬಿಟ್ಟುಹೋದ ಹೆಸರುಗಳನ್ನು ಅಂಚಿನಲ್ಲಿ ಬರೆಸಿ. ನಮ್ಮ ವಾರ್ಡಿನಲ್ಲಿ ಈ ಕೆಲಸಕ್ಕೆ ಇಬ್ಬರು ಮಲೆಯಾಳಿ ಮಾಸ್ತರರೂ ಬರುತ್ತೇನೆಂದಿದ್ದಾರೆ. ಮಳೆ ಬಿಟ್ಟ ಕೂಡಲೇ ಸುರಂಗಗಳಿಂದ ಸುರು ಮಾಡುವುದೆಂದು ಮಾತಾಗಿದೆ.