ಬಜೆಯ ಪಾಲು

ಮಳೆಗಾಲದ ಸಂಜೆ ನಮ್ಮ ಮನೆಯಲ್ಲಿ ಚಹಾಕ್ಕೆ ನೀರುಳ್ಳಿ ಬಜೆ ಆಗಲೇಬೇಕು. ಮಂಗಳೂರಿನ ಜೂನ್ ತಿಂಗಳ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಜೈಯ ನಮ್ಮ ಹಳೆಯ ಹೆಂಚಿನ ಮನೆಯ ಜಗಲಿಯಲ್ಲಿ ಮಾವ ಕುರ್ಚಿ ಹಾಕಿ ಕೂತರೆ ಅವರ ಕಾಲ ಬುಡದಲ್ಲಿ ಬೊಳ್ಳು. ಮಾವನಿಗೆ 84, ಬೊಳ್ಳುವಿಗೆ 6. ಮಾವ ಒಂದು ಬಜೆ ತಿಂದರೆ ಮುಂದಿನದು ಬೊಳ್ಳುವಿಗೆ. ಅತ್ತೆ ತೀರಿಕೊಂಡ ಮೇಲೆ ಮಾವ ದಿನಕ್ಕೆ ನಾಲ್ಕು ಮಾತಾಡಿದರೆ ಅದರಲ್ಲಿ ಮೂರು ಆ ನಾಯಿಯೊಡನೆ. ಹಾಗಾಗಿ ನಾನು ಬಜೆ ಕರಿಯುವಾಗ ಲೆಕ್ಕ ಹಾಕುತ್ತಿದ್ದದ್ದೇ ಇಬ್ಬರಿಗೆ.

ಕಳೆದ ಮಳೆಗಾಲದಲ್ಲಿ ಹದಿನೈದು ದಿನ ಮಳೆ ಬಿಡಲಿಲ್ಲ, ಬಜೆಯೂ ಬಿಡಲಿಲ್ಲ. ಒಂದು ಬೆಳಿಗ್ಗೆ ಬೊಳ್ಳು ಏಳಲಿಲ್ಲ. ಬಾಯಿ ಬಿಡಿಸಿ ನೋಡಿದರೆ ಒಸಡು ಬಿಳಚಿ ಹೋಗಿತ್ತು, ಮೂತ್ರ ಕಣ್ಣಿ ಚಹಾದ ಬಣ್ಣ. ರಿಕ್ಷಾದಲ್ಲಿ ಡಾಕ್ಟರರ ಹತ್ತಿರ ಕೊಂಡುಹೋದೆ. ಅವರು ಪರೀಕ್ಷೆ ಮಾಡಿ ಕೇಳಿದ ಮೊದಲ ಪ್ರಶ್ನೆ, "ಟೀಚರ್, ಮನೆಯಲ್ಲಿ ಇದಕ್ಕೆ ನೀರುಳ್ಳಿ ಏನಾದರೂ ಹಾಕ್ತೀರಾ?"

ನೀರುಳ್ಳಿಯಲ್ಲಿರುವ ಗಂಧಕದ ಅಂಶ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೇಯಿಸಿದರೂ ಕರಿದರೂ ಅದು ಹೋಗುವುದಿಲ್ಲ. ಬೆಳ್ಳುಳ್ಳಿಯೂ ಅದೇ ಜಾತಿ. ಮೈತೂಕದ ಒಂದು ಕಿಲೋಗೆ 15 ಗ್ರಾಮಿನಷ್ಟು ಹೊಟ್ಟೆಗೆ ಹೋದರೆ ಸಾಕು; 12 ಕಿಲೋ ತೂಗುವ ಬೊಳ್ಳುವಿಗೆ 180 ಗ್ರಾಂ, ಅಂದರೆ ಎರಡು ನೀರುಳ್ಳಿ. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಕೇಡು ಕೂಡುತ್ತಲೇ ಹೋಗುತ್ತದೆ, ಕೆಲವು ದಿನ ಕಳೆದ ಮೇಲೆ ಹೊರಗೆ ಕಾಣುತ್ತದೆ. ನಾವು ಪಾಯಸಕ್ಕೆ ಹಾಕುವ ಒಣದ್ರಾಕ್ಷಿ ಅದರ ಮೂತ್ರಪಿಂಡ ಕೆಡಿಸಬಹುದು, ಹುಟ್ಟುಹಬ್ಬವೆಂದು ಮಕ್ಕಳು ನನ್ನ ಕೈಗಿಡುವ ಚಾಕಲೇಟು ಅದರ ಹೃದಯಕ್ಕೆ ಆಗದು. ಇಪ್ಪತ್ತೆಂಟು ವರ್ಷ ಪಾಠ ಮಾಡಿದ ನನಗೆ ಇದೊಂದೂ ಗೊತ್ತಿರಲಿಲ್ಲ.

ಬೊಳ್ಳು ಬದುಕಿತು. ಆದರೆ ಮಾವನಿಗೆ ಏನು ಹೇಳುವುದು?

ನಮ್ಮನ್ನು ಬೆಳೆಸಿದ ರೀತಿ ನೋಡಿ. ಒಬ್ಬರು ನೋಡುತ್ತಿರುವಾಗ ಕೊಡದೆ ತಿಂದರೆ ಹೊಟ್ಟೆನೋವು ಬರುತ್ತದೆ ಎಂದು ಅಮ್ಮ ಹೆದರಿಸುತ್ತಿದ್ದಳು. ಕಾಗೆಗೊಂದು ತುತ್ತು, ನಾಯಿಗೊಂದು ಹಿಡಿ ಇಟ್ಟ ಮೇಲೆಯೇ ಅವಳು ಬಾಳೆಲೆಯ ಮುಂದೆ ಕೂರುತ್ತಿದ್ದದ್ದು. ಮಾವ ಮಾಡಿದ್ದು ಇದನ್ನೇ. ಮಹಾಭಾರತದ ಮೊದಲಲ್ಲೇ ಸರಮೆಯೆಂಬ ದೇವಲೋಕದ ಹೆಣ್ಣುನಾಯಿಯ ಕಥೆ ಬರುತ್ತದೆ. ಜನಮೇಜಯನ ಯಾಗದಲ್ಲಿ ಅವಳ ಮರಿ ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ; ಆದರೂ ರಾಜನ ತಮ್ಮಂದಿರು ಅದನ್ನು ಹೊಡೆದರು, ತಾಯಿ ಶಪಿಸಿದಳು. ನಿರಪರಾಧಿಯನ್ನು ಹೊಡೆದವರಿಗೆ ಶಾಪ ಸರಿ. ಪ್ರೀತಿಯಿಂದ ಉಣಿಸಿ ಕೆಡಿಸಿದವರಿಗೆ?

ಮೂರು ದಿನ ನಾನು ಸುಳ್ಳು ಹೇಳಿದೆ. ನಾಯಿಗೆ ಜ್ವರ ಅಂದೆ, ಕರಿಯಲು ಎಣ್ಣೆ ಮುಗಿದಿದೆ ಅಂದೆ. ಈ ಪ್ರಾಯದಲ್ಲಿ ಅವರ ಮನಸ್ಸಿಗೆ ಯಾಕೆ ನೋವು ಎಂಬ ಲೆಕ್ಕ ನನ್ನದು. ಮೂರನೆಯ ದಿನ ಮಧ್ಯಾಹ್ನ ನೋಡುತ್ತೇನೆ, ಮಾವ ತಮ್ಮ ತಟ್ಟೆಯಿಂದ ನೀರುಳ್ಳಿ, ಬೆಳ್ಳುಳ್ಳಿ ಹಾಕಿದ ಗಸಿಯನ್ನು ಅನ್ನಕ್ಕೆ ಕಲಸಿ ಬೊಳ್ಳುವಿಗೆ ಇಡಲು ಹೊರಟಿದ್ದಾರೆ. "ಜ್ವರ ಬಿಟ್ಟದ್ದಕ್ಕೆ ಸ್ವಲ್ಪ ರುಚಿ ಬೇಕಲ್ಲವಾ" ಎಂದರು. ನಾನು ತಟ್ಟೆ ಕಸಿದುಕೊಂಡೆ. ಸೊಸೆಯಾಗಿ ಬಂದು ಮೂವತ್ತು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಕಸಿದುಕೊಂಡ ಮೇಲೆ ಹೇಳದೆ ಬೇರೆ ದಾರಿ ಉಳಿಯಲಿಲ್ಲ.

ಹೇಳುವಾಗ "ನಾವು" ಎಂದೇ ಹೇಳಿದೆ. ಅದು ಬರಿ ಉಪಚಾರದ ಮಾತಲ್ಲ, ಕರಿದವಳು ನಾನೇ ತಾನೆ. ಮಾವ ಎಲ್ಲ ಕೇಳಿ, "ಅಂದೇ ಯಾಕೆ ಹೇಳಲಿಲ್ಲ? ನಾನೇನು ಸಣ್ಣ ಮಗುವಾ?" ಎಂದರು. ನನಗೆ ಉತ್ತರ ಇರಲಿಲ್ಲ. ಅವರ ನೋವನ್ನು ತಪ್ಪಿಸುತ್ತೇನೆ ಅಂದುಕೊಂಡು ನಾನು ನಿಜವಾಗಿ ತಪ್ಪಿಸಿದ್ದು ನನ್ನ ಮುಜುಗರವನ್ನು. ಅವರ ನಾಯಿಯ ವಿಷಯ ಅವರಿಗೇ ಗೊತ್ತಾಗಬಾರದೆಂದು ತೀರ್ಮಾನಿಸಲು ನಾನು ಯಾರು? ಶಾಲೆಯಲ್ಲಿ ಮಕ್ಕಳ ಹತ್ತಿರ ಹೀಗೆ ಎಷ್ಟು ಸಲ ಮಾಡಿದ್ದೇನೋ.

ಮರುದಿನದಿಂದ ಬೊಳ್ಳುವಿಗೆ ಉಪ್ಪು ಹಾಕದೆ ಬೇಯಿಸಿದ ಗೆಣಸು, ಒಂದೆರಡು ತುಂಡು ಬಾಳೆಹಣ್ಣು ಇಡತೊಡಗಿದೆ. ಡಾಕ್ಟರರು ಅಡ್ಡಿಯಿಲ್ಲ ಎಂದಿದ್ದರು. ಮಾವನಿಗೆ ಸಮಾಧಾನವಿಲ್ಲ. "ಅದು ಅದರ ತಿಂಡಿಯಾಯಿತು. ಪಾಲು ಕೊಟ್ಟ ಹಾಗೆ ಎಲ್ಲಿ ಆಯಿತು?" ಎಂದರು. ಮೊದಲು ನನಗೆ ನಗು ಬಂತು. ಆಮೇಲೆ ಹೌದಲ್ಲ ಅನಿಸಿತು. ಹಾಕುವುದು ಬೇರೆ, ಹಂಚುವುದು ಬೇರೆ. ನಮ್ಮದರಲ್ಲಿ ಒಂದಿಷ್ಟು ಕಡಿಮೆಯಾದರೆ ತಾನೆ ಹಂಚಿದ್ದು? ಎರಡು ದಿನ ಬಿಟ್ಟು ಅವರೇ, "ನನಗೂ ಗೆಣಸೇ ಬೇಯಿಸು" ಎಂದರು. ಈಗ ಸಂಜೆ ಒಂದೇ ತಟ್ಟೆಯಲ್ಲಿ ಗೆಣಸು, ಅರ್ಧ ಅವರಿಗೆ, ಅರ್ಧ ಅದಕ್ಕೆ. ಸಿಪ್ಪೆ ಸುಲಿಯುವ ಕೆಲಸ ಮಾವನದ್ದು.

ಆದರೆ ಗೆಣಸು ಬಜೆಯಾಗುವುದಿಲ್ಲ. ಮೊನ್ನೆ ಶನಿವಾರ ಜೋರು ಮಳೆ ಹೊಡೆಯುತ್ತಿದ್ದಾಗ ಮಾವ ಮೆಲ್ಲಗೆ ಅಡುಗೆಮನೆಗೆ ಬಂದು, "ಒಂದು ನಾಲ್ಕು ಮಾಡು" ಎಂದರು. ಬಾಗಿಲು ಹಾಕಿಕೊಂಡು, ಒಲೆಯ ಪಕ್ಕ ನಿಂತೇ ತಿಂದರು. ಹೊರಗೆ ಬೊಳ್ಳು ಬಾಗಿಲು ಕೆರೆಯುತ್ತಿತ್ತು. ಎರಡು ತಿಂದು ಉಳಿದೆರಡನ್ನು ಹಾಗೇ ಬಿಟ್ಟು ಕೈ ತೊಳೆದರು. ಸಾಬೂನು ಹಾಕಿ ಇನ್ನೊಮ್ಮೆ ತೊಳೆದರು. ಬಾಗಿಲು ತೆಗೆದ ಕೂಡಲೇ ಅದು ಒಳಗೆ ನುಗ್ಗಿ ಅವರ ಬೆರಳುಗಳನ್ನು ಒಂದೊಂದಾಗಿ ಮೂಸಿತು.